ಸೊಂಟದ ಹಗ್ಗ ಬಿಚ್ಚಿಕೊಟ್ಟ ದಿನ

ಎಪ್ಪತ್ತರ ದಶಕದಲ್ಲಿ ಪಂಚನಹಳ್ಳಿ ಸುತ್ತಿನ ಊರುಗಳಲ್ಲಿ ಯಾರಾದರೂ ಬಾವಿಗೆ ಬಿದ್ದರೆ ಜನ ಮೊದಲು ಹುಡುಕುತ್ತಿದ್ದುದು ನನ್ನನ್ನು. ನಾನು ಹೊಲ ಉಳುತ್ತಿದ್ದರೂ ಸರಿ, ಕಡೂರಿನ ಸಂತೆಯಲ್ಲಿದ್ದರೂ ಸರಿ, ಸೈಕಲ್ಲಿನಲ್ಲಿ ಒಬ್ಬ ಏದುಸಿರು ಬಿಡುತ್ತಾ ಬಂದು ನಿಲ್ಲುತ್ತಿದ್ದ. ನಾನು ಎತ್ತುಗಳನ್ನು ಅಲ್ಲೇ ಬಿಟ್ಟು ಹೊರಡುತ್ತಿದ್ದೆ. ಎಸ್ಸೆಸ್ಸೆಲ್ಸಿ ಪಾಸಾಗಿ, ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಸಾಕಾಗಿ ಮತ್ತೆ ಬೇಸಾಯಕ್ಕೆ ಬಂದವನು ನಾನು. ಆದರೆ ಬಾವಿಯ ವಿಷಯದಲ್ಲಿ ನನ್ನ ಮಾತೇ ಕೊನೆಯ ಮಾತು. ಕಾಲು ಜಾರಿದ ಹೆಂಗಸರನ್ನು ಎತ್ತಿದ್ದೇನೆ, ಕುಡಿದು ಬಿದ್ದವರನ್ನು ಎತ್ತಿದ್ದೇನೆ, ಬಂಡೆ ಸಿಡಿಸಲು ಇಳಿದು ಕಾಲು ಮುರಿದುಕೊಂಡ ಕೂಲಿಯವರನ್ನು ಹೆಗಲ ಮೇಲೆ ಹೊತ್ತು ತಂದಿದ್ದೇನೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಆ ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು. ಬರುತ್ತಿತ್ತು ಅನ್ನುವುದನ್ನು ಮೊದಲು ಹೇಳದೇ ಹೋದರೆ ಮುಂದೆ ಹೇಳಬೇಕಾದ್ದು ನಿಮಗೆ ಅರ್ಥವಾಗುವುದಿಲ್ಲ.

ನನ್ನ ಜೊತೆಗಾರ ನನ್ನ ಹೆಂಡತಿಯ ತಮ್ಮ. ಅವನದು ಪಕ್ಕದ ಬೀದಿಯ ಮನೆ. ಆಗಿನ್ನೂ ನಮ್ಮ ಬಾವಿಗಳಲ್ಲಿ ಕಪಿಲೆ ಇತ್ತು. ಜೋಡಿ ಎತ್ತು ಇಳಿಜಾರಿನಲ್ಲಿ ಹಗ್ಗ ಎಳೆದುಕೊಂಡು ಹೋದರೆ ನೀರು ತುಂಬಿದ ಚರ್ಮದ ಚೀಲ ಮೇಲೆ ಬರುತ್ತಿತ್ತು. ಅದೇ ಹಗ್ಗದಲ್ಲಿ ನಾವು ಮನುಷ್ಯರನ್ನೂ ಎತ್ತುತ್ತಿದ್ದೆವು. ನಾನು ಕೆಳಗೆ, ಅವನು ಎತ್ತುಗಳ ಹಿಂದೆ. ಹಗ್ಗ ಒಂದು ಸಲ ಜಗ್ಗಿದರೆ ನಿಲ್ಲಿಸು, ಎರಡು ಸಲ ಜಗ್ಗಿದರೆ ಎಳಿ. ಎಂಥ ಎತ್ತಾದರೂ ಅವನ ಕೈಗೆ ಬಂದರೆ ಹೆಜ್ಜೆ ಅಳೆದು ಇಡುತ್ತಿತ್ತು. ಮೇಲೆ ಬರುವಾಗ ನನಗೆ ತೊಟ್ಟಿಲಲ್ಲಿ ಕೂತಂತೆ ಇರುತ್ತಿತ್ತು.

"ಭಾವ, ನೀನು ಊಟ ಕಡಿಮೆ ಮಾಡಬೇಕು. ನನ್ನೆತ್ತು ನಿಂಗೆ ಶಾಪ ಹಾಕ್ತಾವೆ" ಅನ್ನುತ್ತಿದ್ದ.

"ನಿಮ್ಮಕ್ಕನಿಗೆ ಹೇಳೋ. ಬಡಿಸೋಳು ಅವಳು."

"ಅವಳಿಗೆ ಹೇಳಿದ್ರೆ ನನ್ನೂ ಊಟಕ್ಕೆ ಕೂರಿಸ್ತಾಳೆ. ಆಮೇಲೆ ಇಬ್ರನ್ನೂ ಎಳೆಯೋರ್ಯಾರು?"

ಇಳಿಯುವ ಮುಂಚೆ ನಾನು ಒಂದು ಲಾಟೀನು ಹೊತ್ತಿಸಿ ಬಾವಿಗೆ ಇಳಿಬಿಡುತ್ತಿದ್ದೆ. ಬಹಳ ದಿನ ಬಳಸದ ಬಾವಿಯಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಅಂಥ ಕಡೆ ದೀಪ ಆರಿಹೋಗುತ್ತದೆ. ದೀಪ ಆರಿದ ಕಡೆ ಮನುಷ್ಯನೂ ಆರುತ್ತಾನೆ. ಒಂದು ಸಲ ಹಾಗೆ ಆರಿದಾಗ, ಅಳುತ್ತಿದ್ದ ಮನೆಯವರು ಎಷ್ಟು ಬೇಡಿದರೂ ನಾನು ಇಳಿಯಲಿಲ್ಲ. ಹೊಂಗೆಯ ಕೊಂಬೆಗಳನ್ನು ಕಡಿಸಿ, ಹೊರೆ ಕಟ್ಟಿ, ಹಗ್ಗದಲ್ಲಿ ಮೇಲೆ ಕೆಳಗೆ ಆಡಿಸಿ ಗಾಳಿ ಕಲಕಿಸಿದೆ. ಕೊಡಗಟ್ಟಲೆ ನೀರು ಎರಚಿಸಿದೆ. ದೀಪ ಆರದೆ ಉರಿದ ಮೇಲೆ ಇಳಿದು ಒಬ್ಬ ಮುದುಕನನ್ನು ಜೀವಂತವಾಗಿ ತಂದೆ. ಅಂದಿನಿಂದ ನನ್ನ ಲಾಟೀನಿನ ಮೇಲೆ ಊರಿನವರಿಗೆ ದೇವರ ದೀಪದಷ್ಟು ನಂಬಿಕೆ. ನನಗೆ ಅದಕ್ಕಿಂತ ಹೆಚ್ಚು.

ಇನ್ನೊಂದು ಪದ್ಧತಿಯೂ ಇತ್ತು. ಅದನ್ನು ಬೆಳೆಸಿದವನು ನಾನೇ. ಇಳಿಯುವವನ ಸೊಂಟಕ್ಕೆ ಒಂದೇ ಹಗ್ಗ. ಕೆಳಗೆ ಹೋದ ಮೇಲೆ ಆ ಹಗ್ಗವನ್ನು ನಾನು ಬಿಚ್ಚಿ ಬಿದ್ದವನ ಎದೆಗೆ ಕಟ್ಟಿ ಅವನನ್ನು ಮೊದಲು ಕಳಿಸುತ್ತಿದ್ದೆ. ಹಗ್ಗ ವಾಪಸು ಬರುವವರೆಗೆ ನಾನು ಕೆಳಗೆ ಒಬ್ಬನೇ ಇರುತ್ತಿದ್ದೆ. ಎರಡನೆಯ ಹಗ್ಗ ತರುವುದು ಕಷ್ಟದ ಮಾತೇನಲ್ಲ, ಯಾವ ತೋಟದಲ್ಲಾದರೂ ಸಿಗುತ್ತಿತ್ತು. ಆದರೆ ಮೇಲೆ ಬಗ್ಗಿ ನೋಡುತ್ತಿದ್ದ ಜನ "ತನ್ನ ಹಗ್ಗಾನೇ ಬಿಚ್ಚಿಕೊಟ್ಟ ಕಣ್ರೋ!" ಅನ್ನುವುದು ನನ್ನ ಕಿವಿಗೆ ಬೀಳುತ್ತಿತ್ತು. ಆ ಮಾತು ನನಗೆ ರುಚಿಸಿಬಿಟ್ಟಿತ್ತು. ಕ್ರಮೇಣ ನನ್ನನ್ನು ನೋಡಿ ಬೇರೆ ಊರುಗಳಲ್ಲೂ ಇಳಿಯುವವರು ಹಾಗೇ ಮಾಡತೊಡಗಿದರು. ಹಗ್ಗ ಬಿಚ್ಚದವನು ಗಂಡಸೇ ಅಲ್ಲ ಅನ್ನುವಷ್ಟಕ್ಕೆ ಬಂತು.

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಒಂದು ಬೇಸಿಗೆ ನಾವಿಬ್ಬರೂ ಅಜ್ಜಂಪುರದ ಹತ್ತಿರದ ಹಳ್ಳಿಯೊಂದಕ್ಕೆ ಮದುವೆಗೆ ಹೋಗಿದ್ದೆವು. ನನ್ನ ಅಣ್ಣನ ಮಗಳ ಮದುವೆ. ಗಂಡಿನ ಕಡೆಯವರು ನನಗೆ ಜರಿಯಂಚಿನ ಪಂಚೆ, ಶಲ್ಯ ಕೊಟ್ಟಿದ್ದರು. ಅವನ್ನು ಉಟ್ಟು ಚಪ್ಪರದ ಬಾಗಿಲಲ್ಲಿ ಹಿರಿಯನ ಹಾಗೆ ಕೂತಿದ್ದೆ. ಇನ್ನೂ ಊಟದ ಎಲೆ ಹಾಕಿರಲಿಲ್ಲ. ಪಕ್ಕದ ತೋಟದ ಕಡೆಯಿಂದ ಕೂಗು ಕೇಳಿಸಿತು. ತೋಟದ ಯಜಮಾನ ಬಾವಿಯಲ್ಲಿ ಬಿದ್ದುಬಿಟ್ಟಿದ್ದಾನೆ, ಮಾತಾಡಿಸಿದರೆ ಮಾತಾಡುತ್ತಿಲ್ಲ ಅಂತ.

ನಾವು ಓಡಿಹೋದೆವು. ಮದುವೆಮನೆ ಅರ್ಧ ಖಾಲಿಯಾಗಿ ನಮ್ಮ ಹಿಂದೆ ಬಂತು. ಅದು ನಮ್ಮ ಕಡೆಯಂಥ ಕಪಿಲೆ ಬಾವಿಯಲ್ಲ. ನೀರು ಆಳಕ್ಕೆ ಹೋಗಿ, ಮೇಲಿಟ್ಟ ಎಂಜಿನ್ನಿಗೆ ಎಟುಕದೆ, ಬಾವಿಯ ಒಳಗೋಡೆಯಲ್ಲೇ ಒಂದು ಕಟ್ಟೆ ಮಾಡಿ ಸೀಮೆಎಣ್ಣೆಯ ಎಂಜಿನ್ನನ್ನು ಅಲ್ಲಿಗೆ ಇಳಿಸಿದ್ದರು. ಬೆಳಗಿನಿಂದ ಓಡುತ್ತಿದ್ದ ಎಂಜಿನ್ನು ಆಗತಾನೇ ನಿಂತಿತ್ತಂತೆ. ಯಾಕೆ ನಿಂತಿತು ಎಂದು ನೋಡಲು ಕಲ್ಲಿನ ಮೆಟ್ಟಿಲು ಹಿಡಿದು ಇಳಿದ ಯಜಮಾನ ಎಂಜಿನ್ನಿನ ಪಕ್ಕದಲ್ಲೇ ಮಲಗಿಬಿಟ್ಟಿದ್ದ. ಅವನ ಹೆಂಡತಿ ಬಾವಿಯ ದಡದಲ್ಲಿ ಕೂತು ಮಣ್ಣು ಬಾಚಿಕೊಳ್ಳುತ್ತಿದ್ದಳು.

ಲಾಟೀನು ಬಂತು. ಇಳಿಬಿಟ್ಟೆ. ಎಂಜಿನ್ನಿನ ಕಟ್ಟೆಯವರೆಗೂ ದೀಪ ಅಲುಗದೆ ಉರಿಯಿತು. "ಗಾಳಿ ಚೆನ್ನಾಗಿದೆ. ತಲೆ ಸುತ್ತಿ ಬಿದ್ದಿದ್ದಾನೆ ಅಷ್ಟೇ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ.

ನಾನು ಪಂಚೆಯ ಅಂಚಿಗೆ ಕೈ ಹಾಕಿದೆ, ಎತ್ತಿ ಕಟ್ಟಲಿಕ್ಕೆ. ಗೋಡೆಯ ತುಂಬ ಎಂಜಿನ್ನಿನ ಎಣ್ಣೆ, ಮಸಿ. ನನ್ನ ಕೈ ಅಲ್ಲೇ ನಿಂತಿತು. ಭಾವಮೈದ ಅದನ್ನು ನೋಡಿದ.

"ಬಿಡು ಭಾವ, ಬೀಗರು ಕೊಟ್ಟಿದ್ದು ಮಸಿಯಾದೀತು. ಊಟಕ್ಕೆ ಮುಂಚೆ ನಿನ್ನ ವೇಷ ಕೆಡೋದು ಬೇಡ. ಇವತ್ತೊಂದಿನ ನಾನಿಳೀತೀನಿ, ನೀನು ಎತ್ತಿನ ಕೆಲಸ ಮಾಡು."

ಸುತ್ತ ಇದ್ದವರು ನಕ್ಕರು. ನಾನೂ ನಕ್ಕೆ. "ಇಳಿಯೋ. ದೀಪ ಉರೀತಿದೆ, ಏನೂ ಆಗಲ್ಲ" ಅಂದೆ.

ಅವನು ಇಳಿದ. ನಾಲ್ಕಾರು ಜನ ಹಗ್ಗ ಹಿಡಿದರು, ನಾನು ದಡದಲ್ಲಿ ಬಗ್ಗಿ ನಿಂತೆ. ಅವನು ನನ್ನನ್ನು ಎಷ್ಟು ಸಲ ನೋಡಿದ್ದನೋ ಹಾಗೆಯೇ ಮಾಡಿದ. ಸೊಂಟದ ಹಗ್ಗ ಬಿಚ್ಚಿ ಯಜಮಾನನ ಕಂಕುಳಡಿ ಸುತ್ತಿ ಕಟ್ಟಿದ. ಎರಡು ಸಲ ಜಗ್ಗಿದ. ಯಜಮಾನ ಮೇಲೆ ಬಂದ. ನೆರಳಿಗೆ ಮಲಗಿಸಿ ಗಾಳಿ ಬೀಸುತ್ತಿದ್ದಂತೆ ಕಣ್ಣು ಬಿಟ್ಟ. ಜನ ಹೋ ಎಂದು ಕೂಗಿದರು. ಯಾರೋ "ಭಾವನ ತರಾನೇ ಹಗ್ಗ ಬಿಚ್ಚಿಕೊಟ್ಟ ಕಣ್ರೋ" ಅಂದರು.

ಹಗ್ಗ ಮತ್ತೆ ಇಳಿಯಿತು. ಅದರ ತುದಿ ಅವನ ಭುಜಕ್ಕೆ ತಾಗಿತು. ಅವನು ಅದನ್ನು ಹಿಡಿಯಲಿಲ್ಲ. ಎಂಜಿನ್ನಿಗೆ ಒರಗಿ, ಸುಸ್ತಾದವನ ಹಾಗೆ ಕಾಲು ಚಾಚಿ ಕೂತಿದ್ದ. "ಲೇ, ಹಗ್ಗ ಹಿಡ್ಕೊಳ್ಳೋ!" ಎಂದು ಕೂಗಿದೆ. ಕತ್ತು ಪಕ್ಕಕ್ಕೆ ವಾಲಿತು. ಅವನ ಕಾಲ ಬಳಿಯೇ ನಾನು ಇಳಿಬಿಟ್ಟ ಲಾಟೀನು ಇತ್ತು. ಅದು ಉರಿಯುತ್ತಲೇ ಇತ್ತು.

ನನ್ನ ಜೀವನದಲ್ಲಿ ಬಾವಿಯ ಬಗ್ಗೆ ಮೊದಲ ಸಲ ಭಯವಾದದ್ದು ಆಗ. ದೀಪ ಆರಿದ್ದರೆ ನನಗೆ ಭಯವಾಗುತ್ತಿರಲಿಲ್ಲ. ಆರಿದರೆ ಏನು ಮಾಡಬೇಕೆಂದು ಗೊತ್ತಿತ್ತು. ದೀಪ ಉರಿಯುತ್ತಿದೆ, ಮನುಷ್ಯ ಬೀಳುತ್ತಿದ್ದಾನೆ. ಇದು ನನಗೆ ತಿಳಿಯದ ಬಾವಿ. ಅಲ್ಲಿ ಏನಿದೆಯೋ ಅದು ನನ್ನನ್ನೂ ಹಾಗೇ ಕೂರಿಸಿಬಿಡುತ್ತದೆ ಅನ್ನಿಸಿತು. ಕೈ ದಡದ ಕಲ್ಲನ್ನು ಹಿಡಿದಿತ್ತು. ಬಿಡಲಿಲ್ಲ.

"ಏನ್ರೀ, ಈಗ ಏನ್ಮಾಡಣ?" ಎಂದು ಹಗ್ಗ ಹಿಡಿದವರು ಕೇಳಿದರು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

"ಹೊಂಗೆ ಸೊಪ್ಪು ಕಡೀರಿ. ಗಾಳಿ ಕಲಕಬೇಕು" ಅಂದೆ.

ಗಾಳಿ ಕೆಟ್ಟಿದೆ ಎಂದು ನಾನು ನಂಬಿ ಹೇಳಿದ ಮಾತಲ್ಲ ಅದು. ನನ್ನ ನಂಬಿಕೆಯೆಲ್ಲ ಲಾಟೀನಿನಲ್ಲಿತ್ತು, ಅದು ಗಾಳಿ ಚೆನ್ನಾಗಿದೆ ಎನ್ನುತ್ತಿತ್ತು. ನನಗೆ ಬೇಕಾಗಿದ್ದದ್ದು ಹೊತ್ತು. ಯಾರಾದರೂ ಕೊಂಬೆ ಕಡಿಯುತ್ತಿರಲಿ, ಹೊರೆ ಕಟ್ಟುತ್ತಿರಲಿ, ಅಷ್ಟರವರೆಗೆ ನಾನು ಇಳಿಯಬೇಕಾಗಿಲ್ಲ. ಅಷ್ಟರಲ್ಲಿ ಅವನೇ ಎದ್ದು ಬರಬಹುದು. ಬೇರೆ ಯಾರಾದರೂ ನಾನಿಳೀತೀನಿ ಅನ್ನಬಹುದು. ನನಗಿಂತ ಚಿಕ್ಕವನು, ನನ್ನ ಹೆಂಡತಿ ಎತ್ತಿ ಆಡಿಸಿ ಬೆಳೆಸಿದ ತಮ್ಮ, ಕೆಳಗೆ ಬಿದ್ದಿರುವಾಗ ನಾನು ಇಂಥ ಲೆಕ್ಕ ಹಾಕುತ್ತಿದ್ದೆ.

ಕೊಂಬೆ ಬಂತು. ಆಡಿಸಿದರು. ನೀರು ಎರಚಿದರು. ಇನ್ನೊಂದು ಸಲ ಆಡಿಸಿ ಅಂದೆ. ಮತ್ತೊಂದು ಸಲ ಅಂದೆ. ಕೊನೆಗೆ ಯಾರೂ ಮುಂದೆ ಬರಲಿಲ್ಲ. ಯಾಕೆ ಬರುತ್ತಾರೆ, ನಾನಿದ್ದೇನಲ್ಲ. ಎರಡು ಹಗ್ಗ ತರಿಸಿ ಎರಡನ್ನೂ ನನಗೇ ಕಟ್ಟಿಸಿಕೊಂಡು, ಒದ್ದೆ ಟವೆಲ್ಲನ್ನು ಮೂಗಿಗೆ ಸುತ್ತಿಕೊಂಡು ಇಳಿದೆ. ಹತ್ತಿರ ಹೋದಂತೆ ತಲೆಯೊಳಗೆ ಒನಕೆ ಕುಟ್ಟಿದಂತಾಯಿತು. ಒಂದು ಹಗ್ಗ ಬಿಚ್ಚಿ ಅವನಿಗೆ ಕಟ್ಟಿದೆ. ಇನ್ನೊಂದು ನನ್ನ ಸೊಂಟದಲ್ಲೇ ಇತ್ತು. ಇಬ್ಬರನ್ನೂ ಒಟ್ಟಿಗೆ ಎಳೆದರು.

ಮದುವೆಯ ಲಾರಿಯಲ್ಲೇ ತರೀಕೆರೆಯ ಆಸ್ಪತ್ರೆಗೆ ಹೋದೆವು. ಡಾಕ್ಟರು ಎಲ್ಲ ಕೇಳಿ ತಿಳಿದುಕೊಂಡು ಹೇಳಿದರು. ಎಂಜಿನ್ನಿನ ಹೊಗೆಯಲ್ಲಿ ಒಂದು ವಿಷವಿದೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದರಲ್ಲಿ ದೀಪ ಆರುವುದಿಲ್ಲ, ಮನುಷ್ಯ ಮಾತ್ರ ಆರುತ್ತಾನೆ. "ನೀವು ಗಡಿಬಿಡಿ ಮಾಡಿ ಇಳಿದಿದ್ದರೆ ಇಬ್ಬರೂ ಉಳೀತಿರಲಿಲ್ಲ. ಸೊಪ್ಪು ಆಡಿಸಿದ್ದು ಒಳ್ಳೇದಾಯ್ತು" ಅಂದರು. ಆ ಮಾತು ನನಗಿಂತ ಮೊದಲು ಊರು ಸೇರಿತು. ಅವನಿಗೆ ಹೇಗೆ ಹೊಳೀತೋ ನೋಡಿ, ಲಾಟೀನು ಮೋಸ ಮಾಡಿದ್ರೂ ಅವನ ಬುದ್ಧಿ ಮೋಸ ಮಾಡ್ಲಿಲ್ಲ ಎಂದು ಜನ ಆಡಿಕೊಂಡರು.

ನಾನು ಮಾಡಿದ ಕೆಲಸ ಸರಿ, ಅದನ್ನು ಮಾಡಿಸಿದ ಕಾರಣ ನೀಚ. ಈ ಎರಡನ್ನೂ ನಾನು ಚೆನ್ನಾಗಿ ಬಲ್ಲೆ. ಒಂದರಿಂದ ಇನ್ನೊಂದನ್ನು ತೊಳೆಯಲು ಯಾರೂ ನನಗೆ ಸಹಾಯ ಮಾಡಬೇಕಾಗಿಲ್ಲ. ಆದರೆ ಅಂದು ನಾನು ಬಾಯಿ ಬಿಡಲಿಲ್ಲ. ದನಕರು ನೋಡಲು ಊರಲ್ಲೇ ಉಳಿದಿದ್ದ ನನ್ನ ಹೆಂಡತಿ ಸುದ್ದಿ ತಿಳಿದು ಬಂದು, ಆಸ್ಪತ್ರೆಯ ಜಗಲಿಯಲ್ಲಿ ಎಲ್ಲರೆದುರು ನನ್ನ ಕಾಲು ಮುಟ್ಟಿ, "ನನ್ನ ತಮ್ಮನ್ನ ಉಳಿಸ್ಕೊಟ್ರಿ" ಅಂದಳು. ಆಗಲೂ ಬಿಡಲಿಲ್ಲ.

ಭಾವಮೈದ ಉಳಿದ. ಪೂರ್ತಿ ಉಳಿಯಲಿಲ್ಲ. ಅವನ ಕೈಗಳು ನಡುಗತೊಡಗಿದವು. ಮುದ್ದೆ ಮುರಿಯುವುದು ಕಷ್ಟ, ಗುಂಡಿ ಹಾಕುವುದು ಕಷ್ಟ. ತನ್ನದೇ ಹೊಲಕ್ಕೆ ಹೊರಟು ದಾರಿಯಲ್ಲಿ ನಿಂತುಬಿಡುತ್ತಿದ್ದ, ಎಲ್ಲಿಗೆ ಹೊರಟೆ ಎಂದು ತಿಳಿಯದೆ. ಎತ್ತುಗಳ ಹಗ್ಗವನ್ನು ಅವನ ಕೈಗೆ ಕೊಟ್ಟರೆ ಆ ನಡುಕ ಎತ್ತಿಗೂ ತಿಳಿದು ಅದು ಹೆದರುತ್ತಿತ್ತು. ಮಾತು ಮಾತ್ರ ಹಾಗೇ ಇತ್ತು, ಸ್ವಲ್ಪ ತಡವರಿಸಿದರೂ. ಅವನ ಹೊಲವನ್ನೂ ನಾನೇ ಉಳತೊಡಗಿದೆ. ಅದಕ್ಕೂ ಜನ, ಭಾವ ಅಂದ್ರೆ ಹಿಂಗಿರಬೇಕು ಅಂದರು. ಅವನೂ ಬಂದವರಿಗೆಲ್ಲ, "ನಮ್ಮ ಭಾವ ಇಳ್ದು ನನ್ನ ಎತ್ಕೊಂಡು ಬಂದ" ಎಂದೇ ಹೇಳುತ್ತಿದ್ದ. ಅವನು ಹಾಗೆ ಹೇಳಿದಾಗಲೆಲ್ಲ ನಾನು ಎದ್ದು ಕೊಟ್ಟಿಗೆಗೆ ಹೋಗುತ್ತಿದ್ದೆ.

ಒಂದೆರಡು ವರ್ಷ ಕಳೆದ ಮೇಲೆ ತರೀಕೆರೆ ಕಡೆಯಿಂದ ಕರೆ ಬಂತು. ಹೊಸ ಬಾವಿ ತೋಡುತ್ತಿದ್ದವನೊಬ್ಬ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದ. ಭಾವಮೈದ ತಾನೂ ಬರುತ್ತೇನೆಂದು ಹಠ ಹಿಡಿದ. ಕರೆದುಕೊಂಡು ಹೋದೆ. ಬಿದ್ದವನು ಕೆಳಗಿನಿಂದ ಜೋರಾಗಿ ಬೈಯುತ್ತಿದ್ದ, ಹಾಗಾಗಿ ಗಾಳಿಯ ಚಿಂತೆ ಇರಲಿಲ್ಲ. ನಾನು ಎರಡು ಹಗ್ಗ ಕೇಳಿದೆ. ನನ್ನ ಸೊಂಟದ್ದನ್ನು ಬಿಚ್ಚದೆ, ಇನ್ನೊಂದರಲ್ಲಿ ಅವನನ್ನು ಕಟ್ಟಿ ಕಳಿಸಿ, ಆಮೇಲೆ ಮೇಲೆ ಬಂದೆ. ಅವನನ್ನು ಗಾಡಿಗೆ ಹತ್ತಿಸಿ ಕಳಿಸಿದ್ದಾಯಿತು. ಕಾಫಿ ಕೊಟ್ಟರು. ಬಾವಿಯ ಮಾಲೀಕ, ನನ್ನ ವಯಸ್ಸಿನವನೇ, ಲೋಟ ಕೈಯಲ್ಲಿ ಹಿಡಿದು ಕೆಣಕಿದ.

"ಏನ್ರೀ, ನಿಮ್ಮ ಹೆಸರು ಕೇಳಿ ಕರೆಸಿದ್ದು. ಸೊಂಟದ ಹಗ್ಗ ಬಿಚ್ಚಿಕೊಡೋ ಧೀರ ಅಂತಿದ್ರು. ನೀವು ನೋಡಿದ್ರೆ ಮದುವಣಗಿತ್ತಿ ತರ ಗಂಟು ಹಿಡ್ಕೊಂಡೇ ಬಂದ್ರಿ. ಹೆದರಿಕೆ ಶುರುವಾಯ್ತಾ?"

ಜನ ನಕ್ಕರು. ಭಾವಮೈದನಿಗೆ ಸಿಟ್ಟು ಬಂತು. "ಏಯ್, ನಮ್ಮ ಭಾವನಿಗೆ ಹಂಗನ್ಬೇಡಿ! ಅವನು ನನ್ನ..." ಎಂದು ಎದ್ದು ನಿಂತ. ಕಾಫಿ ಅವನ ಕೈಯ ನಡುಕಕ್ಕೆ ಚೆಲ್ಲಿ ಅಂಗಿಯ ಮೇಲೆ ಹರಿಯಿತು.

"ಕೂತ್ಕೊಳ್ಳೋ" ಅಂದೆ. ಆಮೇಲೆ ಮಾಲೀಕನ ಕಡೆ ತಿರುಗಿದೆ. "ಹೆದರಿಕೆ ಈಗ ಶುರುವಾಗಿದ್ದಲ್ಲ ಕಣ್ರೀ. ಇವನು ಬಾವಿಯಲ್ಲಿ ಬಿದ್ದಿದ್ದಾಗ ಶುರುವಾಯ್ತು. ಇವನು ಇಳಿದದ್ದು ನನ್ನ ಪಂಚೆ ಮಸಿಯಾಗಬಾರದು ಅಂತ. ಹಗ್ಗ ಬಿಚ್ಚಿದ್ದು ನನ್ನ ನೋಡಿ ಕಲಿತು. ಬಿದ್ದ ಮೇಲೆ ನಾನು ಇಳೀಲಿಲ್ಲ. ಸೊಪ್ಪು ಕಡೀರಿ, ಕಲಕಿ ಅಂತ ಹೊತ್ತು ತಳ್ಳಿದೆ. ಜೀವಭಯ. ಬುದ್ಧಿವಂತಿಕೆ ಅಲ್ಲ."

ಮಾಲೀಕ ಲೋಟದೊಳಗೆ ನೋಡುತ್ತಾ ಕೂತ. ನಾನು ಭಾವಮೈದನ ಮುಖ ನೋಡಿದೆ. ಅವನಿಗೆ ಅರ್ಥವಾಯಿತೋ ಇಲ್ಲವೋ ಎಂದು ಅನುಮಾನವಿತ್ತು. ಅವನು ಅಂಗಿಯ ಮೇಲಿನ ಕಾಫಿಯನ್ನು ಒರೆಸಿಕೊಳ್ಳುತ್ತಿದ್ದ.

"ನಂಗೊತ್ತಿತ್ತು ಭಾವ" ಅಂದ. "ಕಾಲು ಹೋಗಿತ್ತು, ಕಣ್ಣು ಹೋಗಿರ್ಲಿಲ್ಲ ಇನ್ನೂವೆ. ಮೇಲೆ ನಿನ್ನ ಮುಖ ಕಾಣ್ತಿತ್ತು. ಹಂಗೇ ನಿಂತಿದ್ದೆ ನೀನು. ಬಾ ಭಾವ ಅಂತ ಕೂಗಕ್ಕೆ ನೋಡ್ದೆ, ಬಾಯಿ ಬರ್ಲಿಲ್ಲ."

"ಮತ್ತೆ ಎಲ್ಲರಿಗೂ ಭಾವ ಎತ್ತಿದ, ಎತ್ತಿದ ಅಂತ ಯಾಕೋ ಹೇಳ್ಕೊಂಡು ತಿರುಗ್ತೀಯ?"

"ಎತ್ತಿದ್ದೂ ನೀನೇ ಅಲ್ವಾ? ಸುಳ್ಳು ಹೇಳಿದ್ನಾ ನಾನು?"

ನಾನು ಹೆಗಲ ಮೇಲಿನ ಟವೆಲ್ಲು ತೆಗೆದು ಅವನ ಅಂಗಿ ಒರೆಸಿದೆ. ಬಸ್ಸಿಗೆ ಕಾಯುತ್ತಾ ನಿಂತಾಗ ಅವನು ಮತ್ತೆ ಮಾತೆತ್ತಿದ. "ಅಕ್ಕಂಗೆ ಮಾತ್ರ ಹೇಳ್ಬೇಡ ಭಾವ. ಅವಳು ನಿನ್ನ ಜೊತೆ ಬಾಳಬೇಕು."

ಎಷ್ಟೋ ವಿಷಯಗಳನ್ನು ಮರೆಯುತ್ತಿದ್ದವನು ಇದೊಂದನ್ನು ಅಷ್ಟು ದಿನ ಜೋಪಾನವಾಗಿ ಇಟ್ಟುಕೊಂಡಿದ್ದ, ತನ್ನ ಅಕ್ಕನಿಗಾಗಿ. ಆ ಭಾರವನ್ನು ಇನ್ನೂ ಅವನ ನಡುಗುವ ಕೈಯಲ್ಲೇ ಬಿಡುವುದು ನನ್ನಿಂದಾಗಲಿಲ್ಲ. ಮನೆಗೆ ಬಂದು, ಅವಳು ರಾಗಿ ಕೇರುತ್ತಿದ್ದಾಗ ಎದುರಿಗೆ ಕೂತು ಎಲ್ಲ ಹೇಳಿದೆ. ಪಂಚೆಯ ವಿಷಯದಿಂದ ಹಿಡಿದು, ಬೇರೆ ಯಾರಾದರೂ ಇಳಿಯಲಿ ಎಂದು ಕಾದದ್ದರವರೆಗೆ. ಮೊರ ನಿಂತಿತು. ಅವಳು ಎದ್ದು ತಮ್ಮನ ಮನೆಗೆ ಹೋದಳು.

ಕೆಲವು ದಿನ ಅಲ್ಲೇ ಇದ್ದಳು. ಅವನೇ ಅವಳನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ಬಿಟ್ಟು, "ಹೇಳ್ಬೇಡ ಅಂದ್ರೂ ಕೇಳಲ್ಲ ನೀನು. ಇವಳು ಮಾಡೋ ಸಾರು ತಿಂದು ನನ್ನ ಹೊಟ್ಟೆ ಕೆಟ್ಟೋಯ್ತು, ನಿನ್ನ ಸೊತ್ತು ನೀನಿಟ್ಕೊ" ಎಂದು ಹೋದ. ಅವಳು ನಗಲಿಲ್ಲ. ಒಳಗೆ ಹೋಗಿ ಒಲೆ ಹಚ್ಚಿದಳು. ಬಡಿಸಿದಳು. ನನ್ನ ಕಾಲನ್ನು ಮತ್ತೆಂದೂ ಮುಟ್ಟಲಿಲ್ಲ, ಹಬ್ಬದ ದಿನವೂ. ಅದನ್ನು ನಾನು ಕೇಳಲೂ ಇಲ್ಲ.

ಮುಂದಿನ ಸಲ ನಮ್ಮ ಪಕ್ಕದ ಊರಿನಿಂದಲೇ ಸೈಕಲ್ಲು ಬಂತು. ಒಬ್ಬ ಹೆಂಗಸು ನೀರು ಸೇದುವಾಗ ಜಾರಿದ್ದಳು. ನಾನು ಲಾಟೀನು ಹುಡುಕುತ್ತಿದ್ದೆ. ನನ್ನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಅಂಗಳಕ್ಕೆ ಬಂದಳು.

"ಎಲ್ಲಿಗೆ ನೀನು?"

"ನಾನೂ ಬತ್ತೀನಿ. ನಡೀರಿ."

"ಗಂಡಸ್ರು ಹಗ್ಗ ಹಿಡಿಯೋ ಕಡೆ ನಿಂಗೇನು ಕೆಲಸ?"

"ಗಂಡಸ್ರು ಹಿಡಿದಿದ್ದು ನೋಡಿದ್ದಾಯ್ತಲ್ಲ."

ಬಾವಿಯ ಹತ್ತಿರ ಜನ ದಾರಿ ಬಿಟ್ಟರು. ಅವಳು ಯಾರನ್ನೂ ಕೇಳಲಿಲ್ಲ. ಎಂಜಿನ್ನು ಒಳಗಿದೆಯೇ ಎಂದು ತಾನೇ ಬಗ್ಗಿ ನೋಡಿದಳು. ಇರಲಿಲ್ಲ. ಎರಡು ಹಗ್ಗ ತರಿಸಿದಳು. ಒಂದನ್ನು ನನ್ನ ಸೊಂಟಕ್ಕೆ ಸುತ್ತಿ, ಮೊಣಕಾಲನ್ನು ನನ್ನ ಬೆನ್ನಿಗೆ ಊರಿ, ಉಸಿರು ಕಟ್ಟುವಷ್ಟು ಬಿಗಿದು ಗಂಟು ಹಾಕಿದಳು.

"ನಾನ್ ಕಟ್ಟಿದ್ದು. ಮೇಲೆ ಬಂದ್ಮೇಲೆ ನಾನೇ ಬಿಚ್ಚೋದು" ಅಂದಳು. ಆಮೇಲೆ ಹಗ್ಗದ ಇನ್ನೊಂದು ತುದಿಯನ್ನು ತಾನೇ ಹಿಡಿದು, ಕಾಲು ಅಗಲಿಸಿ ನಿಂತು, "ಹೂಂ, ಇಳೀರಿ. ಪಾಪ, ಕೆಳಗೆ ಕಾಯ್ತಾ ಇದಾಳೆ" ಅಂದಳು.

ನಾನು ಇಳಿದೆ.